ಕಣ್ಣು ಬಿಡಿಸುವವನು

ಮೊದಲ ಸಲ ಅಂಥ ಫೋಟೋ ಕೈಗೆ ಬಂದಾಗ ನಾನು ಅದನ್ನು ಕೆಳಕ್ಕೆ ಬೀಳಿಸಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗಾಗ ಇಪ್ಪತ್ತೈದರ ಆಸುಪಾಸು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಬೀದಿಯಲ್ಲಿ ಒಂಟಿ ಬಾಗಿಲಿನ ಅಂಗಡಿ ಹಾಕಿಕೊಂಡು ಆರು ತಿಂಗಳಾಗಿತ್ತು. ಕಿರಾಣಿ ಅಂಗಡಿಗೆ ಬೋರ್ಡು, ಲಾರಿಯ ಹಿಂದೆ ಹೆಸರು, ಎತ್ತಿನ ಗಾಡಿಯ ಮೂಕಿಗೆ ಹೂವಿನ ಬಳ್ಳಿ, ಇವೇ ನನ್ನ ಕೆಲಸ. ಆದರೆ ಬಾಗಿಲ ಮೇಲೆ ಬರೆದುಕೊಂಡಿದ್ದು ಮಾತ್ರ 'ಚಿತ್ರ ಕಲಾವಿದರು' ಅಂತ. ಇದ್ದವನು ಒಬ್ಬನೇ, ಆದರೂ ಬಹುವಚನ ಹಾಕಿಕೊಂಡಿದ್ದೆ. ಆ ಬೋರ್ಡು ನೋಡಿಯೇ ಇರಬೇಕು, ಯಳಂದೂರು ಕಡೆಯ ಒಬ್ಬ ರೈತ ಒಳಗೆ ಬಂದು ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದ. ಅದರೊಳಗಿಂದ ಅಂಗೈಯಗಲದ ಕಪ್ಪುಬಿಳುಪು ಫೋಟೋ ತೆಗೆದು ಕೊಟ್ಟ.

"ನಮ್ಮವ್ವ ಸಾ. ದೊಡ್ಡದು ಮಾಡಿ ಪಟ ಬರ್ದುಕೊಡಿ. ಕಣ್ಣು ಬುಡ್ಸಿ."

ಚಿತ್ರ ಬರೆಯುವುದಕ್ಕೆ ನಮ್ಮಲ್ಲಿ ಬಿಡಿಸುವುದು ಅಂತಲೇ ಅನ್ನುತ್ತಾರೆ. ಕಣ್ಣು ಬಿಡಿಸದೆ ಪಟ ಬರೆಯುವವರು ಯಾರಪ್ಪಾ ಇದ್ದಾರೆ ಅಂತ ನಗುತ್ತಾ ಫೋಟೋವನ್ನು ಬಾಗಿಲಿನ ಬೆಳಕಿಗೆ ಹಿಡಿದೆ. ಕುರ್ಚಿಯ ಮೇಲೆ ಒಬ್ಬ ಮುದುಕಿ. ಹೊಸ ಸೀರೆ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಎದೆಯ ಸುತ್ತ ಒಂದು ಪಂಚೆ ಬಳಸಿ ಕುರ್ಚಿಯ ಬೆನ್ನಿಗೆ ಕಟ್ಟಿದ್ದರು. ತಲೆ ಒಂದು ಪಕ್ಕಕ್ಕೆ ವಾಲಿತ್ತು. ಕಣ್ಣು ಮುಚ್ಚಿತ್ತು.

ಹೆಣ! ಫೋಟೋ ಕೈಯಿಂದ ಜಾರಿ ಬಣ್ಣದ ಡಬ್ಬಿಯ ಪಕ್ಕ ಬಿತ್ತು. ರೈತ ಬೇಜಾರು ಮಾಡಿಕೊಳ್ಳಲಿಲ್ಲ. ಎತ್ತಿ, ಹೆಗಲ ಮೇಲಿನ ಟವೆಲಿನಿಂದ ಒರೆಸಿ ಮತ್ತೆ ನನ್ನ ಕೈಗೇ ಇಟ್ಟ.

"ಬದುಕಿದ್ದಾಗ ತೆಗ್ಸಕ್ಕೆ ಆಗ್ಲಿಲ್ಲ ಸಾ. ಏಳ್ದಾಗೆಲ್ಲ, ಪೋಟ ತೆಗುದ್ರೆ ಆಯಸ್ಸು ಕಮ್ಮಿ ಆಯ್ತದೆ ಓಗ್ಲಾ ಅನ್ನೋಳು. ಅದ್ಕೇಯ ಕಣ್ಣು ಬುಡ್ಸಿ ಅಂದಿದ್ದು."

ಆಗ ತಿಳಿಯಿತು. ಅವನು ಕೇಳಿದ್ದು ಕಣ್ಣಿನ ಚಿತ್ರವನ್ನಲ್ಲ. ಮುಚ್ಚಿದ ಕಣ್ಣನ್ನು ಬಿಡಿಸಿ ಕೊಡಿ, ಅವ್ವ ಮತ್ತೆ ಕಣ್ಣು ಬಿಟ್ಟು ನೋಡುವ ಹಾಗೆ ಮಾಡಿ ಅಂತ. ಆಗುವುದಿಲ್ಲ ಅನ್ನಬೇಕಿತ್ತು. ಬಾಗಿಲ ಮೇಲಿನ ಬಹುವಚನ ಬಾಯಿ ಕಟ್ಟಿಹಾಕಿತು. ಎಂಟು ದಿನ ಬಿಟ್ಟು ಬನ್ನಿ ಅಂದುಬಿಟ್ಟೆ.

ಮುಖವೇನೋ ಬಂತು. ಫೋಟೋದ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚೌಕ ಹಾಕಿ, ಹಾರ್ಡ್‌ಬೋರ್ಡಿನ ಮೇಲೆ ಅಷ್ಟೇ ಲೆಕ್ಕದ ದೊಡ್ಡ ಚೌಕ ಹಾಕಿ, ಒಂದೊಂದೇ ಚೌಕದಲ್ಲಿ ಏನಿದೆಯೋ ಅದನ್ನು ಇಳಿಸುತ್ತಾ ಹೋಗುವುದು. ಅದನ್ನು ನನಗೆ ಅಕ್ಷರ ಕಲಿಸಿದ ಗುರುಗಳು ಹೇಳಿಕೊಟ್ಟಿದ್ದರು. ಅವರು ಊರಿನ ಹಳೇ ಬೋರ್ಡ್ ಪೇಂಟರು, ವಯಸ್ಸಾಗಿ ಆಗಲೇ ಯಳಂದೂರಿನ ಮಗಳ ಮನೆ ಸೇರಿದ್ದರು. ಆದರೆ ಕಣ್ಣಿನ ಚೌಕಗಳಿಗೆ ಬಂದಾಗ ಫೋಟೋದಲ್ಲಿ ಇಳಿಸಲು ಏನೂ ಇರಲಿಲ್ಲ. ಎರಡು ಕಪ್ಪು ಗೆರೆ, ಅಷ್ಟೇ. ಗುರುಗಳನ್ನು ಕೇಳಲು ಮರ್ಯಾದೆ ಅಡ್ಡ ಬಂತು. ಮುಖ ಕ್ಷೌರಕ್ಕೆಂದು ಗೋಡೆಯ ಮೊಳೆಗೆ ನೇತುಹಾಕಿದ್ದ ಕನ್ನಡಿ ಕಣ್ಣಿಗೆ ಬಿತ್ತು. ಅದರ ಮುಂದೆ ನಿಂತು ನನ್ನ ಕಣ್ಣು ನೋಡಿಕೊಂಡು ರೆಪ್ಪೆ ಎಲ್ಲಿ ಮಡಿಯುತ್ತದೆ, ಗುಡ್ಡೆಯ ಮೇಲೆ ಬೆಳಕಿನ ಚುಕ್ಕೆ ಎಲ್ಲಿ ಕೂರುತ್ತದೆ ಅಂತ ಗುರುತು ಮಾಡಿಕೊಂಡು ಮುದುಕಿಗೆ ಹಾಕಿದೆ. ಸುತ್ತ ನಾಲ್ಕು ಸುಕ್ಕು ಸೇರಿಸಿದೆ.

ಎಂಟನೇ ದಿನ ಬಂದ ರೈತ ಪಟದ ಮುಂದೆ ನಿಂತವನು ಹಾಗೇ ಕುಕ್ಕರಿಸಿ ಕೂತ. "ಅವ್ವ ನೋಡ್ತಾವ್ಳೆ, ನೋಡ್ತಾವ್ಳೆ ಕಣ್ರೋ" ಅಂತ ಬೀದಿಯವರನ್ನೆಲ್ಲ ಕೂಗಿ ಕರೆದ. ಅವನು ಅತ್ತದ್ದು ನೋಡಿ ನನಗೆ ಹೆಮ್ಮೆ ಉಕ್ಕಿತು, ಸುಳ್ಳು ಹೇಳುವುದಿಲ್ಲ.

ಅಲ್ಲಿಂದ ಶುರುವಾಯಿತು. ಆ ಕಾಲಕ್ಕೆ ಹಳ್ಳಿಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರು ಕಡಿಮೆ. ಜೀವ ಹೋದ ಮೇಲೆ ಸ್ಟುಡಿಯೋದವರನ್ನು ಕರೆಸಿ, ಮಣ್ಣಿಗೆ ಒಯ್ಯುವ ಮೊದಲು ಕೂರಿಸಿ ಒಂದು ತೆಗೆಸುವರು. ಆ ಫೋಟೋಗಳೆಲ್ಲ ನನ್ನ ಅಂಗಡಿ ಹುಡುಕಿಕೊಂಡು ಬಂದವು. ಹನೂರಿನಿಂದ, ಯಳಂದೂರಿನಿಂದ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹಾಡಿಗಳಿಂದ. ಬೋರ್ಡಿನ ಮೇಲೆ ಏನೇ ಬರೆದುಕೊಂಡಿರಲಿ, ಜನ ನನಗೆ ಇಟ್ಟ ಹೆಸರು ಕಣ್ಣು ಬುಡ್ಸೋ ಪೇಂಟ್ರು. ಆಮೇಲಾಮೇಲೆ ಕನ್ನಡಿಯ ಮುಂದೆ ನಿಲ್ಲುವುದನ್ನೂ ಬಿಟ್ಟೆ. ಕೈಗೆ ಪಾಠವಾಗಿತ್ತು. ಆಕಾಶವಾಣಿ ಕೇಳಿಕೊಂಡು, ಸೈಕಲ್ ಶಾಪಿನವನ ಜೊತೆ ಹರಟುತ್ತಾ ಒಂದು ಜೊತೆ ಕಣ್ಣು ಬಿಡಿಸಿ ಎಸೆಯುತ್ತಿದ್ದೆ. ಕೆಲಸ ಕಲಿತಾಯಿತು ಅಂದುಕೊಂಡಿದ್ದೆ. ಹದಿಮೂರು ಹದಿನಾಲ್ಕು ವರ್ಷ ಹೀಗೇ ಹೋಯಿತು.

ತೊಂಬತ್ತರ ದಶಕದ ನಡುವೆ ಕೌದಳ್ಳಿಯಿಂದ ಒಬ್ಬಳು ಹೆಂಗಸು ಬಂದಳು. ಕೂಲಿಗೆ ಹೋಗುವವಳು, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಅವಳ ಮಗಳು ಜ್ವರ ಬಂದು ತೀರಿಹೋಗಿದ್ದಳು. ಏಳು ವರ್ಷದ ಹುಡುಗಿ. ಫೋಟೋದಲ್ಲಿ ಮಗುವನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಲಂಗ, ಜಾಕೀಟು, ಎರಡು ಜಡೆ. ತಲೆ ಕೆಳಗೆ ಬೀಳದಿರಲೆಂದು ಅಂಚಿನಿಂದ ಒಂದು ಕೈ ಬಂದು ಗದ್ದದ ಕೆಳಗೆ ಹಿಡಿದಿತ್ತು. ಸ್ಟುಡಿಯೋದವನು ಆಚೆ ನಿಲ್ಲಿ ಅಂದಿರಬೇಕು, ಕೈ ಒಂದು ಒಳಗೆ ಉಳಿದುಬಿಟ್ಟಿತ್ತು.

ಇಂಥವೆಲ್ಲ ನನಗೆ ಮಾಮೂಲು. ಕಟ್ಟಿದ ಪಂಚೆ ತೆಗೆಯುವುದು, ಹಿಡಿದ ಕೈ ತೆಗೆಯುವುದು, ವಾಲಿದ ತಲೆ ನೆಟ್ಟಗೆ ಮಾಡುವುದು. ಆ ಕೈ ಇದ್ದ ಜಾಗಕ್ಕೆ ಜಡೆಯಿಂದ ಇಳಿಬಿದ್ದ ಕನಕಾಂಬರದ ದಂಡೆ ಬರೆದೆ. ಹೂವು ಬಲು ಚೆನ್ನಾಗಿ ಬಂತೆಂದು ಎರಡು ದಿನ ಅಂಗಡಿಯ ಮುಂದೆ ಇಟ್ಟುಕೊಂಡಿದ್ದೆ. ಅವಳು ಬಂದು ನೋಡಿ, ಅಳದೆ ಪಟವನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದಳು.

ಎರಡು ತಿಂಗಳಿಗೆ ಅದೇ ಸೀರೆಯ ತುಂಡಿನ ಗಂಟು ಹಿಡಿದು ಮತ್ತೆ ಬಂದಳು. ಪಟವನ್ನು ಬೆಂಚಿನ ಮೇಲೆ ಗೋಡೆಗೆ ಒರಗಿಸಿಟ್ಟಳು.

"ಇದು ಬೇಡ ಸಾ," ಅಂದಳು. "ಈ ಕಣ್ಣು ನಿಮ್ದು."

"ಏನಂದೆ?"

"ನಿಮ್ಮ ಕಣ್ಣು ಸಾ ಇವು. ನಮ್ಮ ಕೂಸಿನ ಮೊಕದಲ್ಲಿ ಕೂತ್ಕಂಡು ನೀವು ನನ್ನ ನೋಡ್ತಾ ಇದ್ದೀರಿ. ಮನೆ ಒಳ್ಗೆ ಸೀರೆ ಬದ್ಲಾಯ್ಸಕ್ಕೂ ನಾಚ್ಕೆ ಆಯ್ತದೆ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ತಲೆ ಕೆಟ್ಟಿದೆಯೇನಮ್ಮಾ, ನೂರಾರು ಮನೆಗೆ ಕಣ್ಣು ಬಿಡಿಸಿದ್ದೇನೆ, ಒಬ್ಬರಾದರೂ ಹಿಂಗೆ ಅಂದಿಲ್ಲ, ಕೆಲಸದ ಬೆಲೆ ಗೊತ್ತಿಲ್ಲದವರಿಗೆಲ್ಲ ಬರೆದುಕೊಟ್ಟರೆ ಇದೇ ಗತಿ, ಅಂತ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಗೋಡೆಯ ಮೊಳೆಯಿಂದ ಆ ಹಳೇ ಕನ್ನಡಿಯನ್ನು ತೆಗೆದಳು, ಪಟದ ಪಕ್ಕಕ್ಕೆ ಹಿಡಿದಳು, "ನೋಡ್ಕಳಿ" ಅಂದಳು.

ನೋಡಿದೆ. ನನ್ನ ಒಂದು ಕಣ್ಣಿನ ರೆಪ್ಪೆ ಇನ್ನೊಂದಕ್ಕಿಂತ ಕೊಂಚ ಇಳಿದಿದೆ. ಹುಟ್ಟಿನಿಂದ ಹಾಗೇ. ಸ್ಕೂಲಿನಲ್ಲಿ ಅರೆಗಣ್ಣ ಅಂತ ರೇಗಿಸುತ್ತಿದ್ದರು. ಏಳು ವರ್ಷದ ಹುಡುಗಿಯ ಮುಖದಲ್ಲಿ ಅದೇ ಪಕ್ಕದ ರೆಪ್ಪೆ ಅಷ್ಟೇ ಇಳಿದಿತ್ತು. ಬೆಳಕಿನ ಚುಕ್ಕೆ ನನ್ನ ಅಂಗಡಿಯ ಬಾಗಿಲಿನ ಆಕಾರದಲ್ಲಿತ್ತು. ಕನ್ನಡಿಯಲ್ಲಿ ಮೂವತ್ತೆಂಟರ ನಾನು, ಪಟದಲ್ಲಿ ಇಪ್ಪತ್ತೈದರ ನಾನು. ಅವಳ ಕೈಯಿಂದ ಕನ್ನಡಿ ತೆಗೆದುಕೊಂಡು ಮೊಳೆಗೆ ನೇತುಹಾಕಿದೆ.

"ಬೇರೆ ಕಣ್ಣು ಬರೀತೀನಿ ಅಕ್ಕಾ," ಅಂದೆ ಕಡೆಗೆ. "ಹೆಂಗಿತ್ತು ಹೇಳು."

"ಬ್ಯಾಡ. ಮುಚ್ಬುಡಿ."

"ಮುಚ್ಚೋದಾ?"

"ನಾನು ಕೂಲಿಗ್ ಓಗೋಳು ಸಾ. ಒತ್ತಾರೆ ಎದ್ದು ಓಗೋವಾಗ ಮನ್ಗಿರ್ತಿತ್ತು. ನಾನು ಬರೋ ಒತ್ಗೆ ಅವರಜ್ಜಿ ಕೈಲಿ ಉಂಡು ಮನ್ಗಿರ್ತಿತ್ತು. ಅದ್ರ ಕಣ್ಣ ನಾನು ನೋಡಿದ್ದೇ ಕಮ್ಮಿ. ಮನ್ಗಿರೋ ಮೊಕವೇ ನಂಗೊತ್ತಿರೋದು. ಅದ ಬರ್ಕೊಡಿ, ಸಾಕು."

ಕಣ್ಣು ಬಿಡಿಸುವವನಿಗೆ ಕಣ್ಣು ಮುಚ್ಚಿಸುವುದು ಯಾವ ಘನಂದಾರಿ ಕೆಲಸ? ಇಲ್ಲೇ ಕೂತಿರು ಅಂದೆ. ಬಟ್ಟೆಗೆ ಟರ್ಪಂಟೈನ್ ಹಚ್ಚಿ ಕಣ್ಣಿನ ಮೇಲಿನ ಬಣ್ಣ ಒರೆಸಿ ಕೆರೆದು, ಅದರ ಮೇಲೆ ಮೈಬಣ್ಣ ಹಚ್ಚಿ, ರೆಪ್ಪೆಗೂದಲಿನ ಎರಡು ಗೆರೆ ಎಳೆದು ತೋರಿಸಿದೆ. ಅರ್ಧ ಗಂಟೆಯೂ ಆಗಿರಲಿಲ್ಲ.

ಅವಳು ನೋಡಿದವಳೇ ಮುಖ ತಿರುಗಿಸಿದಳು. ಬಾಗಿಲಿನ ಕಡೆ ನೋಡಿಕೊಂಡು ಹೇಳಿದಳು.

"ಇದು ಎಣ ಸಾ. ನಮ್ಮ ಕೂಸು ಮನ್ಗೋದು ಇಂಗಲ್ಲ."

ಒಂದೇ ದಿನದಲ್ಲಿ ಎರಡನೇ ಏಟು. ಇನ್ನೊಮ್ಮೆ ತಿದ್ದಿದೆ, ಇನ್ನಷ್ಟು ಹೆಣವಾಯಿತು. ಬಸ್ಸಿನ ಹೊತ್ತಾಯಿತೆಂದು ಅವಳು ಎದ್ದಳು. "ಇಲ್ಲೇ ಇರ್ಲಿ. ಕಬ್ಬಿನ ಕೆಲ್ಸಕ್ಕೆ ಈ ಕಡೀಕೆ ಬಂದಾಗ ಬತ್ತೀನಿ. ಅವ್ಸರ ಏನಿಲ್ಲ," ಅಂದು ಹೋದಳು. ಅವಸರ ಇಲ್ಲ ಅಂದದ್ದೇ ನನಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು.

ಆ ವಾರ ಅಂಗಡಿಗೆ ಬೀಗ ಹಾಕಿ, ನಾನು ಬರೆದ ಪಟಗಳಿದ್ದ ಮನೆಗಳನ್ನು ಹುಡುಕಿಕೊಂಡು ಹೋದೆ. ಹನೂರಿನ ಒಂದು ಮನೆಯ ನಡುಮನೆಯಲ್ಲಿ ಎಂಬತ್ತು ವರ್ಷದ ಪಟೇಲರು ಕೂತಿದ್ದರು, ಒಂದು ರೆಪ್ಪೆ ಇಳಿದಿತ್ತು. ಎದುರು ಮನೆಯಲ್ಲಿ ಹೆರಿಗೆಯಲ್ಲಿ ಹೋದ ಸೊಸೆ, ಒಂದು ರೆಪ್ಪೆ ಇಳಿದಿತ್ತು. ಊರಾಚೆ ಸೋಗೆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದೇ ಫ್ರೇಮಿನಲ್ಲಿ ನಾಲ್ಕು ನನ್ನ ಕಣ್ಣು ಹೊತ್ತು ನಿಂತಿದ್ದರು. ಎಲ್ಲ ಮನೆಯಲ್ಲೂ ನನಗೆ ಕಾಫಿ ಕೊಟ್ಟರು, ಕೂರಿಸಿ ಮಾತಾಡಿಸಿದರು. ನಾನು ಗೋಡೆಯ ಕಡೆ ತಲೆ ಎತ್ತಲಾರದೆ ಕಾಫಿ ಲೋಟ ನೋಡಿಕೊಂಡು ಕೂತಿದ್ದೆ. ಇಷ್ಟು ಜನರ ದೀಪ, ಇಷ್ಟು ಜನರ ಹೂವು, ಇಷ್ಟು ಜನರ ಕೈಮುಗಿತ ನನ್ನ ಕಣ್ಣಿಗೆ ಸಲ್ಲುತ್ತಿತ್ತು.

ಯಳಂದೂರು ಕಡೆಯ ಆ ಮೊದಲ ರೈತನ ಮನೆಗೂ ಹೋದೆ. ಅವನಿಗೆ ನಿಜ ಹೇಳಿಬಿಡಬೇಕೆಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಹೇಳಿದೆ ಕೂಡ. ಈ ಕಣ್ಣು ನಿಮ್ಮವ್ವನದಲ್ಲ, ನನ್ನದು, ಹೇಳಿ, ಅವರ ಕಣ್ಣು ಹೆಂಗಿತ್ತು, ತಿದ್ದಿಕೊಡುತ್ತೇನೆ. ಅವನು ಪಟವನ್ನೂ ನನ್ನನ್ನೂ ನಾಲ್ಕು ಸಲ ನೋಡಿದ.

"ನಮ್ಮವ್ವನ ಕಣ್ಣು ಇಂಗೇ ಇತ್ತಲ್ವಾ ಸಾ?" ಅಂದ. ಆಮೇಲೆ ಪಟದ ಧೂಳು ಒರೆಸುತ್ತಾ, "ಇಂಗೇ ಇತ್ತು ಅಂತ್ಲೇ ನಂಗೀಗ ಗ್ಯಾನ ಇರೋದು. ಬುಡಿ, ಅಂಗೇ ಇರ್ಲಿ."

ಅಲ್ಲಿಂದ ಹೊರಟವನಿಗೆ ರಸ್ತೆ ಕಾಣಿಸಲಿಲ್ಲ. ಅವನ ತಾಯಿಯ ಕಣ್ಣನ್ನು ನಾನು ಬಿಡಿಸಿರಲಿಲ್ಲ, ಅವನ ತಲೆಯೊಳಗಿಂದ ಒರೆಸಿ ಹಾಕಿದ್ದೆ. ಇದಕ್ಕೆ ಯಾವ ಟರ್ಪಂಟೈನೂ ಇಲ್ಲ. ಕೌದಳ್ಳಿಯವಳು ಒಬ್ಬಳೇ ತನ್ನ ಮಗಳ ಮುಖವನ್ನು ನನ್ನ ಕೈಗೆ ಬಿಟ್ಟುಕೊಟ್ಟಿರಲಿಲ್ಲ. ಅವಳಿಗೂ ನಾನು ತಡಮಾಡಿದರೆ ಆ ಮುಖ ಮರೆತು ಹೋಗಬಹುದು ಅನ್ನುವ ಭಯ ಅಂದಿನಿಂದ ನನ್ನ ಬೆನ್ನು ಹತ್ತಿತು.

ಹತ್ತಿರದಲ್ಲೇ ಗುರುಗಳ ಮನೆ. ಮರ್ಯಾದೆಯನ್ನೆಲ್ಲ ಮೂಟೆ ಕಟ್ಟಿಟ್ಟು ಹೋಗಿ ಎಲ್ಲ ಹೇಳಿಕೊಂಡೆ. ಕೈ ನಡುಗಿ ಬ್ರಷ್ಷು ಬಿಟ್ಟು ವರ್ಷಗಳಾಗಿದ್ದವು ಅವರಿಗೆ. ಕೇಳಿ ಬಿದ್ದು ಬಿದ್ದು ನಕ್ಕರು. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಆಮೇಲೆ ಕೇಳಿದರು.

"ಲೇ, ಮನ್ಗಿರೋರ ಯಾವತ್ತಾದ್ರೂ ನೋಡಿದ್ದೀಯೇನ್ಲಾ?"

"ನೋಡದೆ ಏನು ಗುರುಗಳೇ, ದಿನಾ ಮನೇಲಿ..."

"ನಿನ್ನ ಎಂಡ್ರು ಮನ್ಗಿದ್ದಾಗ ಬಾಯಿ ತೆರ್ದಿರ್ತದೋ ಮುಚ್ಚಿರ್ತದೋ?"

ನಾನು ಬಾಯಿ ಬಿಟ್ಟುಕೊಂಡು ಕೂತೆ. ಹದಿನೈದು ವರ್ಷದ ಸಂಸಾರ, ನನಗೆ ಗೊತ್ತಿರಲಿಲ್ಲ.

"ಓಗ್ಲಾ ಓಗು. ದಿನಾ ಒಬ್ಬ ಮನ್ಗಿರೋನ ಬರಿ. ಎಣ ನೋಡಿದ್ದು ಸಾಕು. ನಾನೂ ಮಧ್ಯಾನ ಉಂಡು ಮನ್ಗತೀನಿ, ಬಂದು ಬರ್ಕೋ," ಅಂದು, ಹೇಳಿದ ಹಾಗೇ ಚಾಪೆಯ ಮೇಲೆ ಉರುಳಿ ನನ್ನೆದುರೇ ಗೊರಕೆ ಹೊಡೆದರು. ಅವರೇ ನನ್ನ ಮೊದಲ ಚಿತ್ರ. ಅದೂ ಹೆಣವೇ ಆಯಿತು.

ಇಪ್ಪತ್ತು ಪುಟದ ಸ್ಕೂಲ್ ನೋಟ್‌ಬುಕ್ಕುಗಳನ್ನು ಕೊಂಡು ಜೇಬಿನಲ್ಲಿ ಮಡಿಚಿಟ್ಟುಕೊಂಡು ತಿರುಗತೊಡಗಿದೆ. ಮಲಗಿರುವವರಿಗೆ ಕೊಳ್ಳೇಗಾಲದಲ್ಲಿ ಬರವಿಲ್ಲ. ಗೂಡಿನ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆಯೇ ರೇಷ್ಮೆಗೂಡು ತಂದು ಹರಾಜು ಮುಗಿಸಿದ ರೈತರು ಖಾಲಿ ಚೀಲ ತಲೆಗಿಟ್ಟುಕೊಂಡು ಮಲಗಿರುತ್ತಿದ್ದರು. ಮಗ್ಗದವರು ಕರೆಂಟು ಹೋದರೆ ಕೂತಲ್ಲೇ ಒರಗುತ್ತಿದ್ದರು. ಬೆಟ್ಟದ ಬಸ್ಸಿನಲ್ಲಿ ತಿರುವು ಶುರುವಾದ ಮೇಲೆ ಅರ್ಧ ಬಸ್ಸು ತೂಕಡಿಸುತ್ತಿತ್ತು. ನನ್ನ ಹೆಂಡತಿ ಮಾತ್ರ ಸುದ್ದಿ ತಿಳಿದ ದಿನದಿಂದ ಮುಖದ ಮೇಲೆ ಸೆರಗು ಹಾಕಿಕೊಂಡೇ ಮಲಗಿದಳು. ನೀವು ಹೆಣದ ಪಟ ಬರೆಯುವವರು, ನನ್ನ ತಂಟೆಗೆ ಬರಬೇಡಿ ಅಂದಳು. ಬಾಯಿ ತೆರೆದಿರುತ್ತದೋ ಮುಚ್ಚಿರುತ್ತದೋ ಇವತ್ತಿಗೂ ಗೊತ್ತಾಗಿಲ್ಲ.

ಅವಳು ಹೇಳಿದ್ದರಲ್ಲಿ ತಮಾಷೆ ಇಲ್ಲವೆಂದು ಹನೂರಿನಲ್ಲಿ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಭರ್ತಿ ಮೀಸೆಯ ಒಬ್ಬ ಆಸಾಮಿ ಅಂಗಾತ ಮಲಗಿದ್ದ. ಮೀಸೆ ಉಸಿರಿಗೆ ಏಳುತ್ತಾ ಬೀಳುತ್ತಾ ಇತ್ತು. ನಾನು ಎದುರು ಕೂತು ಬರೆಯುತ್ತಿದ್ದೆ. ಹಿಂದೆ ಯಾರೋ, "ಕಣ್ಣು ಬುಡ್ಸೋ ಪೇಂಟ್ರು ಅಲ್ವಾ? ಅಯ್ಯಯ್ಯೋ, ಓಗ್ಬುಟ್ಟವ್ನಾ?" ಅಂದರು. ಕ್ಷಣದಲ್ಲಿ ಜನ ಸೇರಿತು. ನಾನು ಬರೆಯುತ್ತಿದ್ದೇನೆ ಅಂದರೆ ಎದುರಿಗಿರುವವನು ಸತ್ತಿದ್ದಾನೆ ಅಂತ ಎಲ್ಲರಿಗೂ ಲೆಕ್ಕ. ಒಬ್ಬಾಕೆ ಲೊಚಗುಟ್ಟಿ ಅಳುವುದಕ್ಕೇ ಶುರುಮಾಡಿದಳು. ಅಳು ಕೇಳಿ ಮೀಸೆಯವನು ಎದ್ದು ಕೂತ. ಸೇರಿದ್ದ ಜನ ಒಮ್ಮೆಗೇ ಕಿರುಚಿ ಹಿಂದಕ್ಕೆ ಹಾರಿದರು. ಅವನು ಜನರನ್ನು ನೋಡಿದ, ನನ್ನನ್ನು ಗುರುತು ಹಿಡಿದ, ನೋಟ್‌ಬುಕ್ಕು ನೋಡಿದ. ಮುಖ ಬಿಳಿಚಿಕೊಂಡಿತು.

"ಅಯ್ಯೋ ನಾನಿನ್ನೂ ಸತ್ತಿಲ್ಲ ಕಣಯ್ಯಾ!" ಅಂತ ಕೂಗಿ ಎದೆ ಮುಟ್ಟಿ ನೋಡಿಕೊಂಡ. ಆಮೇಲೆ ನನ್ನ ಕುತ್ತಿಗೆಗೆ ಕೈ ಹಾಕಿದ. ಬಿಡಿಸಲು ನಾಲ್ಕು ಜನ ಬೇಕಾಯಿತು. ಆ ಪುಟವನ್ನು ಅವನೆದುರೇ ಹರಿದು, ಸುಟ್ಟು, ಬೂದಿಯನ್ನು ಅವನೇ ಚರಂಡಿಗೆ ಹಾಕಿದ ಮೇಲೆ ಸಮಾಧಾನವಾಯಿತು. ಚಿತ್ರ ಚೆನ್ನಾಗಿ ಬಂದಿತ್ತು. ಅಷ್ಟು ದಿನದಲ್ಲಿ ಮೊದಲ ಬಾರಿಗೆ, ನೋಡಿದರೆ ನಿದ್ದೆ ಅನ್ನಿಸುವಂಥದ್ದು. ನನಗೆ ಕುತ್ತಿಗೆಗಿಂತ ಅದರ ಸಂಕಟವೇ ಹೆಚ್ಚಾಯಿತು.

ಆದರೆ ಅಲ್ಲಿ ಕಂಡದ್ದು ಕಣ್ಣಿನಿಂದ ಹೋಗಲಿಲ್ಲ. ಸತ್ತವರ ರೆಪ್ಪೆ ಮುಚ್ಚಿರುತ್ತದೆ, ಅಷ್ಟೇ. ಮಲಗಿರುವವರ ರೆಪ್ಪೆ ಮುಚ್ಚಿಕೊಂಡಿರುತ್ತದೆ, ಕೆಳಗೆ ಗುಡ್ಡೆ ದುಂಡಗೆ ನಿಂತು ಅದನ್ನು ಹೊತ್ತಿರುತ್ತದೆ, ಒಮ್ಮೊಮ್ಮೆ ಅತ್ತಿತ್ತ ಹೊರಳುತ್ತದೆ ಕೂಡ. ಹುಬ್ಬಿನಲ್ಲಿ ಒಂದು ಸಣ್ಣ ಕೆಲಸ ನಡೆದೇ ಇರುತ್ತದೆ. ಮಕ್ಕಳ ಕೆಳತುಟಿ ಒದ್ದೆಯಾಗಿರುತ್ತದೆ. ಇದೆಲ್ಲ ಗೆರೆಯಲ್ಲಿ ಇಲ್ಲ, ಗೆರೆಯ ಅಂಚಿನ ಬಣ್ಣದಲ್ಲಿದೆ. ರೆಪ್ಪೆಗೆ ಮೈಬಣ್ಣವನ್ನೇ ಹಚ್ಚುತ್ತಿದ್ದೆನಲ್ಲ, ಅದು ತಪ್ಪು. ಅಲ್ಲಿ ಕೊಂಚ ಕೆಂಪು, ಕೊಂಚ ನೀಲಿ ಬೇಕು. ಕಲಿತಾಯಿತು ಅಂದುಕೊಂಡಿದ್ದವನಿಗೆ ನಲವತ್ತನೇ ವಯಸ್ಸಿನಲ್ಲಿ ಇದು ಗೊತ್ತಾಗುತ್ತಿತ್ತು. ಅವಮಾನವೂ ಆಯಿತು, ಬೆಳಿಗ್ಗೆ ಎದ್ದ ಕೂಡಲೇ ಅಂಗಡಿಗೆ ಓಡಬೇಕು ಅನ್ನಿಸುವ ಆ ಹಳೇ ಹುಚ್ಚೂ ಮತ್ತೆ ಹತ್ತಿತು.

ಮೊದಲಿನ ಹಾಗೆ ಕಣ್ಣು ಬಿಡಿಸುವ ಕೆಲಸ ಅಂತೂ ನಿಲ್ಲಿಸಿದೆ. ಬಂದವರಿಗೆ, ಅಣ್ಣನೋ ತಂಗಿಯೋ ಯಾರಾದರೂ ಬಂದು ಎದುರು ಕೂತು, ಸತ್ತವರ ಕಣ್ಣು ಹೇಗಿತ್ತೆಂದು ಹೇಳುತ್ತಾ ಹೋದರೆ ಮಾತ್ರ ಬರೆಯುತ್ತೇನೆ ಅನ್ನುತ್ತಿದ್ದೆ. ಅರ್ಧಕ್ಕರ್ಧ ಜನ ಬೇರೆ ಕಡೆ ಹೋದರು. ಇಸವಿ ಎರಡು ಸಾವಿರ ದಾಟುವ ಹೊತ್ತಿಗೆ ಊರಿಗೆ ಕಂಪ್ಯೂಟರಿನ ಸ್ಟುಡಿಯೋ ಬಂತು, ಹಿಂದೆಯೇ ಬೋರ್ಡಿನ ಕೆಲಸವನ್ನು ನುಂಗುವ ಫ್ಲೆಕ್ಸೂ ಬಂತು. ಸ್ಟುಡಿಯೋದವರು ಸತ್ತವರಿಗೆ ಕಣ್ಣು ಅಂಟಿಸಿಕೊಡುತ್ತಾರೆಂದು ಕೇಳಿ ನೋಡಲು ಹೋದೆ. ಪರದೆಯ ಮೇಲೆ ಸಾಲಾಗಿ ಕಣ್ಣುಗಳು, ಗಂಡಸರದು, ಹೆಂಗಸರದು, ಮಕ್ಕಳದು. ಬೇಕಾದದ್ದನ್ನು ಆರಿಸಿಕೊಳ್ಳಿ ಸಾರ್ ಅಂದರು. ಬೈದು ಬರಬೇಕೆಂದು ಹೋದವನು ತೆಪ್ಪಗೆ ಬಂದೆ. ಅವರ ಬಳಿ ಹತ್ತು ಜೊತೆಯಾದರೂ ಇತ್ತು, ನನ್ನ ಬಳಿ ಇದ್ದದ್ದು ಒಂದೇ ಜೊತೆ.

ಈ ವರ್ಷಗಳಲ್ಲೆಲ್ಲ ಕೌದಳ್ಳಿಯವಳು ಬರುತ್ತಲೇ ಇದ್ದಳು. ವರ್ಷಕ್ಕೆ ಎರಡು ಸಲ, ಕೆಲವೊಮ್ಮೆ ಒಂದೇ ಸಲ. ಬೆಂಚಿನ ಮೇಲೆ ಕೂತು ಪಟ ನೋಡುವಳು. "ಇನ್ನೂ ಎಣವೇಯ" ಅನ್ನುವಳು. ಒಂದು ಸಲ, "ಈಗ ಸುಮಾರು. ಆದ್ರೂ ಯಾರೋ ಮನ್ಗ್ಸಿರಂಗದೆ, ಅದಾಗೇ ಮನ್ಗಿಲ್ಲ" ಅಂದಳು. ಅವಳು ಹೋದ ಮೇಲೆ ನಾನು ಕೆರೆದು ಮತ್ತೆ ಬರೆಯುವೆ. ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ, ಹಾರ್ಡ್‌ಬೋರ್ಡು ಆ ಜಾಗದಲ್ಲಿ ತೆಳ್ಳಗಾಗಿತ್ತು. ಪ್ರತಿ ಸಲ ಅವಳು ಬಾಗಿಲಿಗೆ ಬಂದಾಗ ನನಗೆ ಒಂದೇ ದಿಗಿಲು. ಈ ಸಲ ಇವಳೂ ಆ ರೈತನ ಹಾಗೆ, ಬುಡಿ ಅಂಗೇ ಇರ್ಲಿ ಅಂದುಬಿಟ್ಟರೆ?

ಒಮ್ಮೆ ಬೇಸಿಗೆಯ ಮಧ್ಯಾಹ್ನ ಬಂದವಳು ಬಸ್ಸಿಗೆ ಕಾಯುತ್ತಾ ಅದೇ ಬೆಂಚಿನ ಮೇಲೆ ಮಲಗಿಬಿಟ್ಟಳು. ಕಬ್ಬಿನ ಗರಿ ತರಚಿದ ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡಿದ್ದಳು. ನಾನು ಅಭ್ಯಾಸಬಲದಿಂದ ನೋಟ್‌ಬುಕ್ಕು ತೆಗೆದೆ. ಮುಖ ಬರೆದೆ, ಕೈ ಬರೆಯತೊಡಗಿದೆ. ಹೆಬ್ಬೆರಳಿನ ಬುಡ ದಪ್ಪ, ಕಿರುಬೆರಳು ಸೊಟ್ಟ. ಈ ಕೈಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಡ್ರಾಯರಿನಲ್ಲಿದ್ದ ಆ ಹಳೇ ಫೋಟೋ ತೆಗೆದು ನೋಡಿ ತಲೆಯ ಮೇಲೆ ಕೈಹೊತ್ತು ಕೂತೆ.

ಗದ್ದದ ಕೆಳಗೆ ಹಿಡಿದಿದ್ದ ಕೈ. ದಪ್ಪ ಹೆಬ್ಬೆರಳು, ಸೊಟ್ಟ ಕಿರುಬೆರಳು. ಇಡೀ ಫೋಟೋದಲ್ಲಿ ಜೀವ ಇದ್ದದ್ದು ಅದಕ್ಕೊಂದಕ್ಕೇ. ಅದನ್ನೇ ನಾನು ತೆಗೆದುಹಾಕಿ ಮೇಲೆ ಕನಕಾಂಬರ ಬರೆದಿದ್ದೆ! ಎಂಟು ವರ್ಷ ರೆಪ್ಪೆ ಕೆರೆಯುತ್ತಾ ಕೂತಿದ್ದೆ. ನನ್ನನ್ನು ನಾನೇ ಬೈದುಕೊಂಡದ್ದು ಗಟ್ಟಿಯಾಗಿಯೇ ಕೇಳಿರಬೇಕು, ಅವಳು ಎದ್ದು "ಏನ್ಸಾ?" ಅಂದಳು. ಏನಿಲ್ಲ, ಮಲಗಕ್ಕಾ, ಇನ್ನೊಂದು ಗಂಟೆ ಮಲಗು, ಕೈ ಮಾತ್ರ ಅಲ್ಲಾಡಿಸಬೇಡ ಅಂದೆ. ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ ಮತ್ತೆ ಮಲಗಿದಳು. ಆ ಮಧ್ಯಾಹ್ನ ಆ ಕೈಯನ್ನೇ ಹನ್ನೊಂದು ಪುಟ ಬರೆದೆ.

ಪಟವನ್ನು ಪೂರ್ತಿ ಬಿಟ್ಟು ಹೊಸ ಹಲಗೆಗೆ ಬಿಳಿ ಹಚ್ಚಿದೆ. ದಿಂಬಿಗೆ ಒರಗಿದ ಮಗುವಿನ ತಲೆಯನ್ನು ನೆಟ್ಟಗೆ ಮಾಡಲು ಹೋಗಲಿಲ್ಲ, ವಾಲಿದ್ದು ವಾಲಿದ ಹಾಗೇ ಇರಲಿ ಅಂತ ಬಿಟ್ಟೆ. ಗದ್ದದ ಕೆಳಗಿನ ಕೈಯನ್ನು ಕೊಂಚ ಮೇಲಕ್ಕೆ, ಕೆನ್ನೆಯ ಕೆಳಗೆ ತಂದೆ. ಹಿಡಿದಿದ್ದ ಬೆರಳುಗಳನ್ನು ಸಡಿಲ ಬಿಟ್ಟೆ. ಕೆನ್ನೆಯ ಭಾರ ಅಂಗೈಗೆ ಬಿದ್ದು, ಕೆನ್ನೆ ಒಂದಿಷ್ಟು ಉಬ್ಬಿತು, ಆ ಪಕ್ಕದ ತುಟಿಯ ತುದಿ ಒಂದಿಷ್ಟು ತೆರೆಯಿತು. ರೆಪ್ಪೆ ಬರೆಯಲು ಒಂದು ಬೆಳಗು ಸಾಕಾಯಿತು. ಬರೆಯುವಾಗ ಗೋಡೆಯ ಕನ್ನಡಿಯನ್ನು ತೆಗೆದು ಬೆಂಚಿನ ಕೆಳಗೆ ಮಗುಚಿಟ್ಟಿದ್ದೆ.

ಮಳೆಗಾಲ ಕಳೆದು ಅವಳು ಬಂದಳು. ತಲೆ ಅರ್ಧ ನರೆತಿತ್ತು. ನಾನು ಪಟದ ಮೇಲಿನ ಬಟ್ಟೆ ತೆಗೆದೆ. ಅವಳು ಪಟದ ಹತ್ತಿರಕ್ಕೆ ಬಂದಳು. ನಿಂತೇ ಇದ್ದಳು. ನನಗೆ ಹೆದರಿಕೆಯಾದರೆ ಮಾತು ಜಾಸ್ತಿ. ಮೊದಲು ತಡವರಿಸಿ, ಆಮೇಲೆ ಜೋರಾಗಿ ಶುರುಮಾಡಿದೆ.

"ನೋಡಕ್ಕಾ, ಆ ಕೈ ನಿಂದೇ! ಫೋಟೋದಲ್ಲೇ ಇತ್ತು, ನಾನೇ ಕತ್ತೆ ತೆಗೆದುಹಾಕಿದ್ದೆ. ಕೆನ್ನೆ ನೋಡು, ಭಾರ ಬಿಟ್ಟಿದೆ ಅಲ್ವಾ? ರೆಪ್ಪೆಗೆ ಈ ಸಲ ಬೇರೆ ಬಣ್ಣ. ಸರಿಯಿಲ್ಲ ಅಂದ್ರೆ ಸರಿಯಿಲ್ಲ ಅನ್ನು, ಇನ್ನೊಂದು ಸಲ..."

ಅವಳು ಪಟದಿಂದ ಕಣ್ಣು ತೆಗೆಯದೆ ನನ್ನ ಕಡೆಗೆ ಕೈ ಎತ್ತಿ ತಡೆದಳು. ಅದೇ ಕೈ.

"ಮೆಲ್ಲುಕ್ ಮಾತಾಡಿ ಸಾ," ಅಂದಳು, ಕೇಳಿಸಿಯೂ ಕೇಳಿಸದ ಹಾಗೆ. "ಕೂಸು ಎದ್ಬುಡ್ತದೆ."

ನಾನು ಉಸಿರು ಬಿಟ್ಟರೂ ಸದ್ದಾದೀತೆಂದು ಹಿಡಿದುಕೊಂಡು ನಿಂತೆ.

ಅಷ್ಟರಲ್ಲಿ ಹೊರಗೆ ಹನೂರಿನ ಬಸ್ಸು ಜೋರಾಗಿ ಹಾರನ್ ಹೊಡೆಯಿತು. ನಾವಿಬ್ಬರೂ ಬೆಚ್ಚಿಬಿದ್ದು ಪಟದ ಕಡೆಗೆ ನೋಡಿದೆವು.